ಅಡ್ಡಗೋಡೆಯ ದೀಪ

ಅಬಕಾರಿ ಗುಮಾಸ್ತನೆಂದರೆ ನೆಂಟರೆಲ್ಲ ನಗುತ್ತಾರೆ:
ಹನಿ ಹೆಂಡ ಸಿಗದ ಈ ಗುಜರಾತಿನಲ್ಲಿ
ಏನಪ್ಪಾ ನಿನಗೆ ಕೆಲಸ?
ನಾನು ಲೆಕ್ಕವಿಡುವುದು ಎಣ್ಣೆಗೆ.
ಕುಡಿಯುವುದಲ್ಲ. ಕಪ್ಪಗೆ, ಜಿಗುಟಾಗಿ,
ಚಳಿಗಾಲದಲ್ಲಿ ಟ್ಯಾಂಕರಿನಿಂದ ಇಳಿಯಲೊಲ್ಲದ
ಫರ್ನೇಸ್ ಆಯಿಲ್ಲಿಗೆ.

ಸುಂಕ ಕಟ್ಟಿಕೊಂಡೇ ಬರುತ್ತದೆ ಅದು.
ಬಿಲ್ಲಿನ ಮೂಲೆಯ ಆ ಅಂಕಿಯನ್ನು
ಸೀತಾಫಲದ ಬೀಜ ಬಿಡಿಸುವಂತೆ ಬಿಡಿಸಿ
ರಿಜಿಸ್ಟರಿನ ಎಡಗಡೆ ಇಡುತ್ತೇನೆ: ಜಮೆ.
ಎಣ್ಣೆ ಉರಿದು, ನೀರು ಹಬೆಯಾಗಿ, ಹಬೆ ಚಕ್ರ ತಿರುಗಿಸಿ,
ಚಕ್ರದಿಂದ ಕರೆಂಟು, ಕರೆಂಟು ಉಪ್ಪುನೀರಿಗಿಳಿದು
ಕಾಸ್ಟಿಕ್ ಸೋಡಾ ಆಗಿ ಗೇಟು ದಾಟುವಾಗ
ಕೊಡಬೇಕಾದ ಸುಂಕದಲ್ಲಿ ಕೊಟ್ಟದ್ದನ್ನು ಕಳೆಯಬಹುದು.
ಒಂದೇ ಬೆನ್ನಿಗೆ ಎರಡು ಬರೆ ಬೇಡವೆಂಬ ನ್ಯಾಯ.
ಇಷ್ಟು ಮಗುವಿಗೂ ತಿಳಿಯುತ್ತದೆ.

ತೊಡಕಿರುವುದು ಕಾಂಪೌಂಡಿನಲ್ಲಿ.
ಒಂಬತ್ತಡಿ ಗೋಡೆ, ನೆತ್ತಿಯ ಮೇಲೆ ಗಾಜಿನ ಚೂರು.
ಈಚೆ ಕಾರ್ಖಾನೆ. ಆಚೆ ಕಾಲೊನಿ,
ಇನ್ನೂರ ಹದಿನಾರು ಕ್ವಾರ್ಟರ್ಸು, ಒಂದು ದವಾಖಾನೆ,
ದಕ್ಷಾಬೆನ್ನಳ ಬಾಲವಾಡಿ, ಗರಬಾ ಆಡುವ ಬಯಲು.
ಗೋಡೆಯ ಮೇಲೆ ಹಾದುಹೋಗುತ್ತದೆ ಒಂದು ಕೇಬಲ್ಲು,
ಅದರ ಮೇಲೆ ಅಳಿಲು ಆಚೆಗೂ ಈಚೆಗೂ ಓಡುತ್ತದೆ
ಗೇಟುಪಾಸಿಲ್ಲದೆ.

ಮಾರ್ಚಿನಲ್ಲಿ ಬಂದರು ಸೂಪರಿಂಟೆಂಡೆಂಟ್ ಚಾವಡಾ,
ಮೆದು ಮಾತು, ಸಕ್ಕರೆ ಇಲ್ಲದ ಚಹಾ.
ಕಣ್ಣಿಗೆ ಕೈ ಅಡ್ಡ ಹಿಡಿದು ಕೇಬಲ್ಲನ್ನೇ ನೋಡಿದರು.
"ತ್ರಿಭೋವನ್‌ಭಾಯಿ, ಕಾರ್ಖಾನೆಯೊಳಗೆ ಬಳಸಿದ್ದಕ್ಕಷ್ಟೇ ಜಮೆ.
ಆಚೆ ಹೋದದ್ದು ಬರೀ ಬೆಳಕು."

ಬರೀ ಬೆಳಕು.

ಹಿಂದೆಯೇ ನೋಟೀಸು: ಐದು ವರ್ಷದ್ದು, ಬಡ್ಡಿ, ದಂಡ.

ಸೆಲ್ ಹೌಸಿನ ಧನಸುಖ್ ವಸಾವಾ ಕೇಳಿದ:
ರಾತ್ರಿಪಾಳಿ ಮುಗಿಸಿ ಹಗಲು ಮಲಗುವುದು ಆ ಫ್ಯಾನಿನ ಕೆಳಗೆ.
ನಿದ್ದೆಗೆಟ್ಟ ಕೈಯಲ್ಲಿ ಕ್ಲೋರಿನ್ ಕವಾಟ ತಿರುಗಿಸಲೇನು,
ನಿಮ್ಮ ಸಾಹೇಬರು ಪಕ್ಕದಲ್ಲಿ ನಿಲ್ಲುತ್ತಾರೇನು?
ವಕೀಲರಿಗೆ ಈ ಮಾತು ಬಲು ಹಿಡಿಸಿತು.
ಟ್ರಿಬ್ಯೂನಲ್ಲಿನಲ್ಲಿ ನಿಂತು, ಸ್ವಾಮಿ,
ನಿದ್ದೆಯೂ ಒಂದು ಕಚ್ಚಾ ಮಾಲು ಎಂದು ವಾದಿಸಿದರು.
ಸದಸ್ಯರು ನಕ್ಕರು.
ಬರೆದುಕೊಳ್ಳಲಿಲ್ಲ.

ತೀರ್ಪು ಬಂತು, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ:
ದಂಡ ಮನ್ನಾ; ಬಡ್ಡಿಯ ಮಾತು ಮತ್ತೊಮ್ಮೆ ನೋಡಿ;
ಆಚೆಯ ಪಾಲು ಎಷ್ಟೆಂದು ಎಣಿಸಿ, ಹಿಂತಿರುಗಿಸಿ.

ಎಣಿಸುತ್ತಿದ್ದೇನೆ. ನೂರಕ್ಕೆ ನಾಲ್ಕೂ ಮುಕ್ಕಾಲು.
ಸುಟ್ಟ ಕೈಯೊಂದರ ಮೇಲೆ ಬಾಗಿದ ದವಾಖಾನೆಯ ದೀಪ
ಇದರಲ್ಲೇ ಎಲ್ಲೋ ಇದೆ.
ನವರಾತ್ರಿಯ ಒಂಬತ್ತು ದಿನ ಗೆರೆ ಎದ್ದೆದ್ದು ಕುಣಿಯುತ್ತದೆ,
ಹತ್ತನೆಯ ದಿನ ಕಾಲು ನೋವೆಂದು ಮಲಗುತ್ತದೆ.
ಜೂನ್ ಹದಿನಾಲ್ಕು, ನಡುರಾತ್ರಿ ಎರಡು ಗಂಟೆಗೆ
ಕಾರಣವಿಲ್ಲದೆ ಐದು ಯೂನಿಟ್ಟು ಹೆಚ್ಚು.
ಕಾರಣ ನನಗೆ ಗೊತ್ತು. ಬಿ ಬ್ಲಾಕಿನಲ್ಲಿ ಹೆಣ್ಣು ಕೂಸು ಹುಟ್ಟಿ
ಸಾಲು ಮನೆಗಳೆಲ್ಲ ಒಮ್ಮೆಗೇ ದೀಪ ಹಚ್ಚಿದ್ದವು.
ಷರಾ ಕಾಲಮ್ಮಿನಲ್ಲಿ ಅದನ್ನು ಬರೆಯುವಂತಿಲ್ಲ.

ಗಡುವು ನಾಳೆ.
ಆಫೀಸಿಗೆ ಬೀಗ ಬಿದ್ದಿತು, ರಿಜಿಸ್ಟರನ್ನು ಮನೆಗೆ ತಂದೆ.
ಜಮನಾ ಬೆಂಡೆಕಾಯಿ ಸರಿಸಿ ಮೇಜಿನಲ್ಲಿ ಜಾಗ ಬಿಟ್ಟಳು.
ಗುಂಡಿ ಒತ್ತಿದೆ. ಗೋಡೆ ದಾಟಿ ಬಂದ ಕರೆಂಟು
ತನ್ನ ಮೇಲಿನ ಫಿರ್ಯಾದು ತಾನೇ ಓದುವಂತೆ
ಹಾಳೆಯ ಮೇಲೆ ಬಗ್ಗಿತು.
ಕೆಲಸ ಕಾರ್ಖಾನೆಯದು, ಬೆಳಕು ಆಚೆಯದು.
ಪೆನ್ನು ಹಿಡಿದು ಸುಮಾರು ಹೊತ್ತು ಕೂತಿದ್ದೆ.

"ಮಲಗುವುದಿಲ್ಲವೇ?" ಎಂದಳು.
"ನಲವತ್ತು ವಾಟು, ಮೂರು ಗಂಟೆ" ಎಂದೆ,
"ಯೂನಿಟ್ಟಿನ ಎಂಟನೇ ಒಂದು ಪಾಲು. ಅಷ್ಟೂ ಇಲ್ಲ."
ಅವಳು ಏನೂ ಅನ್ನಲಿಲ್ಲ. ಈಳಿಗೆ ಮಣೆ ಎಳೆದುಕೊಂಡು
ನಾಳೆಯ ಬುತ್ತಿಗೆ ಬೆಂಡೆಕಾಯಿ ಹೆಚ್ಚತೊಡಗಿದಳು,
ಅದೇ ಬಲ್ಬಿನ ಕೆಳಗೆ.